ಕುಳಿತು ಮಾಡುವ ಕಾಯಕಕ್ಕೆ ಒಪ್ಪುವ ಕುರ್ಚಿ

ಕಾಯಕವೆಂದೊಡನೆ ನೇಗಿಲು, ಮಗ್ಗ, ಕುಲುಮೆಗಳ ಚಿತ್ರ ನಮ್ಮ ಕಣ್ಣ ಮುಂದೆ ನಿಲ್ಲುತ್ತದೆ. ಆದರೆ ಇಂದು ನಮ್ಮ ಮನೆಗಳ ಮಕ್ಕಳಲ್ಲಿ ಬಹುಮಂದಿ ಕುಳಿತೇ ದುಡಿಯುವವರು. ಬೆಳಿಗ್ಗೆ ಒಂಬತ್ತು ಗಂಟೆಗೆ ಮೇಜಿನ ಮುಂದೆ ಕುಳಿತವರು ಸಂಜೆ ಆರಕ್ಕೆ ಏಳುತ್ತಾರೆ. ಏಳುವಾಗ ಒಂದು ಕೈ ಮೇಜಿನ ಮೇಲೆ, ಇನ್ನೊಂದು ಕೈ ಸೊಂಟದ ಮೇಲೆ. ದೇಹ ದಣಿದಿಲ್ಲ, ಆದರೂ ನೋವು ಮಾತ್ರ ಬಿಡದು. ಹೊಲದಲ್ಲಿ ದುಡಿದವರ ನೋವನ್ನು ನಾವು ಬಲ್ಲೆವು; ಕುಳಿತು ದುಡಿಯುವವರ ನೋವನ್ನು ಮನೆಯವರೇ ಅನೇಕ ವೇಳೆ ನಂಬುವುದಿಲ್ಲ. ಈ ಕಾರಣದಿಂದ ಈ ಸಂಚಿಕೆಯಲ್ಲಿ ಕುರ್ಚಿಯ ವಿಚಾರವನ್ನು ಎತ್ತಿಕೊಂಡಿದ್ದೇವೆ.

ಕನ್ನಡದಲ್ಲಿ ‘ಆಸನ’ ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಕುಳಿತುಕೊಳ್ಳುವ ಪೀಠವೂ ಆಸನ, ಕುಳಿತುಕೊಳ್ಳುವ ರೀತಿಯೂ ಆಸನ. ಮೊದಲನೆಯದನ್ನು ಹಣ ಕೊಟ್ಟು ತರಬಹುದು, ಎರಡನೆಯದನ್ನು ಕಲಿಯಬೇಕು. ಒಂದಿಲ್ಲದೆ ಮತ್ತೊಂದು ಪೂರ್ಣವಾಗದು.

ಹೆಮ್ಮಾಡಿಯ ಒಂದು ಮನೆ

ಉಡುಪಿ ಜಿಲ್ಲೆಯ ಕುಂದಾಪುರದಿಂದ ಬೈಂದೂರಿನ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಾಗುವಾಗ, ಕೊಲ್ಲೂರಿಗೆ ದಾರಿ ಕವಲೊಡೆಯುವಲ್ಲಿ ಹೆಮ್ಮಾಡಿ ಸಿಗುತ್ತದೆ. ಸೇವಂತಿಗೆ ಹೂವಿಗೆ ಹೆಸರಾದ ಊರು. ಇಲ್ಲಿಯ ಹಿರಿಯರು ಹೂವಿನ ಗದ್ದೆಯಲ್ಲಿ ಬಗ್ಗಿ ದುಡಿದವರು. ಆದರೆ ಇದೇ ಕರಾವಳಿ ಮೇಜು ಕುರ್ಚಿಯ ಉದ್ಯೋಗಕ್ಕೂ ಹಳೆಯ ತವರು. ಕೆನರಾ ಬ್ಯಾಂಕು 1906ರಲ್ಲಿ ಮಂಗಳೂರಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು ಅದೇ ವರ್ಷ ಉಡುಪಿಯಲ್ಲಿಯೂ, ಸಿಂಡಿಕೇಟ್ ಬ್ಯಾಂಕು 1925ರಲ್ಲಿ ಉಡುಪಿಯಲ್ಲಿಯೂ ಹುಟ್ಟಿದವು. ಲೆಕ್ಕದ ಪುಸ್ತಕದ ಮುಂದೆ ಬಾಗಿ ಕುಳಿತ ತಲೆಮಾರುಗಳು ಇಲ್ಲಿ ಆಗಿಹೋಗಿವೆ. 2020ರ ಸಾಂಕ್ರಾಮಿಕದ ನಂತರ ಬೆಂಗಳೂರಿನ ಕಚೇರಿಗಳೂ ಹಂಚಿನ ಮನೆಯ ಒಳಕೋಣೆಗೆ ಬಂದು ಕುಳಿತಿವೆ.

ಅಂತಹ ಒಂದು ಪರಿಚಿತ ಮನೆಯ ಸೊಸೆಯ ಅನುಭವ ನಮ್ಮ ಪಾಠಕ್ಕೆ ಆಧಾರವಾಗಿದೆ. ಆಕೆ ಸುಮಾರು ಐದು ಅಡಿ ಎತ್ತರದವರು. ಮೊದಲು ಊಟದ ಮೇಜಿನ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ದಿನಕ್ಕೆ ಎಂಟು ಒಂಬತ್ತು ಗಂಟೆ ಕೆಲಸ ಮಾಡುತ್ತಿದ್ದರು. ಸೊಂಟನೋವು ಬಂದಿತು. ಎರಡು ತಿಂಗಳ ಉಳಿತಾಯವನ್ನು ಸುರಿದು, ಚಿತ್ರದಲ್ಲಿ ಕಂಡು ಮೆಚ್ಚಿದ ಬೆಲೆಬಾಳುವ ತಿರುಗುಕುರ್ಚಿಯೊಂದನ್ನು ತರಿಸಿದರು. ನೋವು ಇಳಿಯಲಿಲ್ಲ, ಅದರ ಮೇಲೆ ಕಾಲು ಜೋಮು ಹಿಡಿಯತೊಡಗಿತು. ಉದ್ಯೋಗವನ್ನೇ ಬಿಡಬೇಕೇನೋ ಎಂಬ ಮಾತು ಮನೆಯಲ್ಲಿ ಬಂದಿತು. ತಪ್ಪು ಎಲ್ಲಿತ್ತು? ಅದನ್ನು ತಿಳಿಯಬೇಕಾದರೆ ನಮ್ಮ ಬೆನ್ನು ಹೇಗಿದೆಯೆಂಬುದನ್ನು ಮೊದಲು ಅರಿಯಬೇಕು.

ಕುಳಿತರೆ ಬೆನ್ನಿಗೆ ಏನಾಗುತ್ತದೆ?

ನಮ್ಮ ಬೆನ್ನೆಲುಬು ನೆಟ್ಟನೆಯ ಕಂಬವಲ್ಲ. ಕುತ್ತಿಗೆಯಲ್ಲಿಯೂ ಸೊಂಟದಲ್ಲಿಯೂ ಅದು ಒಳಕ್ಕೆ ಬಾಗಿದೆ. ಎಲುಬುಗಳ ನಡುವೆ ಮೆತ್ತನೆಯ ಬಿಲ್ಲೆಗಳಿದ್ದು, ಅವು ದೇಹದ ಭಾರವನ್ನು ಹೊರುತ್ತವೆ. ನಾವು ಬಗ್ಗಿ ಕುಳಿತಾಗ ಸೊಂಟದ ಸಹಜವಾದ ಬಾಗು ಚಪ್ಪಟೆಯಾಗಿ, ಬಿಲ್ಲೆಗಳ ಮುಂಭಾಗದ ಮೇಲೆ ಒತ್ತಡ ಹೆಚ್ಚುತ್ತದೆ. ಸ್ವೀಡನ್ನಿನ ಮೂಳೆ ಶಸ್ತ್ರವೈದ್ಯ ಆಲ್ಫ್ ನಾಕೆಮ್‌ಸನ್ 1960ರ ದಶಕದಲ್ಲಿ ಈ ಒತ್ತಡವನ್ನು ಜೀವಂತ ಮನುಷ್ಯರಲ್ಲಿಯೇ ಅಳೆದು, ನಿಂತಾಗಿನದಕ್ಕಿಂತ ಕುಳಿತಾಗ ಅದು ಹೆಚ್ಚೆಂದೂ, ಮುಂದಕ್ಕೆ ಬಾಗಿ ಕುಳಿತಾಗ ಇನ್ನೂ ಹೆಚ್ಚೆಂದೂ ತೋರಿಸಿದರು. 1999ರಲ್ಲಿ ಪ್ರಕಟವಾದ ಜರ್ಮನಿಯ ಅಳತೆಗಳಲ್ಲಿ ನಿಲ್ಲುವುದಕ್ಕೂ ಕುಳ್ಳಿರುವುದಕ್ಕೂ ಅಷ್ಟು ಅಂತರ ಕಾಣಲಿಲ್ಲವಾದರೂ, ಒರಗಿ ಕುಳಿತಾಗ ಒತ್ತಡ ಇಳಿಯುತ್ತದೆಂಬುದು ಅಲ್ಲಿಯೂ ಸ್ಪಷ್ಟವಾಯಿತು. ಆದುದರಿಂದ ಬೆನ್ನಿಗೆ ಆನಿಕೆ ಬೇಕೇ ಬೇಕು.

ಈ ಬಿಲ್ಲೆಗಳಿಗೆ ರಕ್ತದ ನೇರ ಪೂರೈಕೆ ಅತ್ಯಲ್ಪ. ಸುತ್ತಲಿನಿಂದ ಇಂಗಿ ಬರುವ ದ್ರವವೇ ಅವುಗಳ ಆಹಾರ. ಭಂಗಿಯನ್ನು ಬದಲಿಸುತ್ತಿದ್ದರೆ ಆ ದ್ರವದ ಸಂಚಾರಕ್ಕೆ ಅನುಕೂಲ. ಹೀಗಾಗಿ ಯಾವ ಕುರ್ಚಿಯಲ್ಲೇ ಆಗಲಿ, ಕದಲದೆ ಕುಳ್ಳಿರುವುದು ಬೆನ್ನಿಗೆ ಹಿತವಲ್ಲ.

ಮೊದಲು ದೇಹದ ಅಳತೆ, ಆಮೇಲೆ ಕುರ್ಚಿಯ ಬೆಲೆ

ಬಟ್ಟೆ ಹೊಲಿಸುವಾಗ ಅಳತೆ ಕೊಡುವ ನಾವು ಕುರ್ಚಿ ಕೊಳ್ಳುವಾಗ ಬೆಲೆ, ಬಣ್ಣಗಳನ್ನಷ್ಟೇ ನೋಡುತ್ತೇವೆ. ಅಂಗಡಿಗೆ ಹೋಗುವ ಮೊದಲು ಒಂದು ಟೇಪು ಹಿಡಿದು ಮೂರು ಅಳತೆಗಳನ್ನು ತೆಗೆದುಕೊಳ್ಳಬೇಕು.

1. ಕುಳಿತಾಗ ನೆಲದಿಂದ ಮೊಣಕಾಲಿನ ಹಿಂಬದಿಯ ಮಡಿಕೆಯವರೆಗಿನ ಎತ್ತರ. ಆಸನದ ಎತ್ತರ ಇಷ್ಟೇ ಇರತಕ್ಕದ್ದು. ಐದು ಅಡಿ ಎತ್ತರದವರಿಗೆ ಇದು ಸುಮಾರು 37–38 ಸೆಂಟಿಮೀಟರು. ಅನೇಕ ತಿರುಗುಕುರ್ಚಿಗಳು ಇಷ್ಟು ತಗ್ಗಿಗೆ ಇಳಿಯುವುದೇ ಇಲ್ಲವೆಂಬುದನ್ನು ಗಮನದಲ್ಲಿಡಬೇಕು.

2. ಪೃಷ್ಠದ ಹಿಂಬದಿಯಿಂದ ಮೊಣಕಾಲಿನ ಮಡಿಕೆಯವರೆಗಿನ ಉದ್ದ. ಬೆನ್ನನ್ನು ಒರಗಿಗೆ ತಾಗಿಸಿ ಕುಳಿತಾಗ, ಆಸನದ ಅಂಚಿಗೂ ಮೊಣಕಾಲಿನ ಹಿಂಬದಿಗೂ ಎರಡು ಮೂರು ಬೆರಳಿನಷ್ಟು ಎಡೆ ಉಳಿಯಬೇಕು. ಆಸನ ಅದಕ್ಕಿಂತ ಉದ್ದವಾದರೆ ಕಾಲಿನ ನರ, ರಕ್ತನಾಳಗಳು ಒತ್ತಿಹೋಗುತ್ತವೆ.

3. ಆಸನದಿಂದ ಮೊಣಕೈವರೆಗಿನ ಎತ್ತರ. ಹೆಗಲನ್ನು ಸಡಿಲಬಿಟ್ಟು, ಕೈ ಮಡಿಸಿ ಅಳೆಯಬೇಕು. ತೋಳಾಸರೆಯೂ ಮೇಜಿನ ಮೇಲ್ಮೈಯೂ ಹೆಚ್ಚು ಕಡಿಮೆ ಈ ಮಟ್ಟದಲ್ಲಿದ್ದರೆ ಹೆಗಲಿಗೂ ಕುತ್ತಿಗೆಗೂ ಬಿಡುವು.

ಕುರ್ಚಿಯಲ್ಲಿ ನೋಡಬೇಕಾದುದು

ಬೆನ್ನಿನ ಒರಗು: ಸೊಂಟಪಟ್ಟಿ ಕಟ್ಟುವ ಜಾಗದಲ್ಲಿ ಒರಗು ಮುಂದಕ್ಕೆ ತುಸು ಉಬ್ಬಿರಬೇಕು, ಆ ಉಬ್ಬನ್ನು ಮೇಲೆ ಕೆಳಗೆ ಸರಿಸುವಂತಿದ್ದರೆ ಉತ್ತಮ. ಒರಗು 100ರಿಂದ 110 ಡಿಗ್ರಿಯವರೆಗೆ ಹಿಂದಕ್ಕೆ ಬಾಗುವಂತಿರಲಿ. ಇಂತಹ ಕುರ್ಚಿ ಕೊಳ್ಳಲಾರದವರು ಇರುವ ಕುರ್ಚಿಯಲ್ಲಿಯೇ ಒಂದು ಟವೆಲನ್ನು ಸುರುಳಿ ಸುತ್ತಿ ಸೊಂಟದ ಹಿಂದೆ ಇಟ್ಟುಕೊಂಡರೂ ಬಹಳಷ್ಟು ಪ್ರಯೋಜನವುಂಟು.

ಆಸನ: ಅತಿ ಮೆತ್ತನೆಯದು ಮೊದಲ ದಿನ ಹಿತವೆನಿಸಿದರೂ ಬೇಗ ಕುಸಿಯುತ್ತದೆ. ಕೈಯಿಂದ ಬಲವಾಗಿ ಒತ್ತಿದಾಗ ಕೆಳಗಿನ ಹಲಗೆ ತಗುಲದಂತಿರಬೇಕು. ಮುಂದಿನ ಅಂಚು ದುಂಡಗೆ ಕೆಳಕ್ಕೆ ಇಳಿದಿರಬೇಕು.

ತೋಳಾಸರೆ: ಎತ್ತರ ಹೊಂದಿಸಲು ಬರುವಂತಿರಬೇಕು. ಅದು ಮೇಜಿಗೆ ಬಡಿದು ಕುರ್ಚಿ ಒಳಗೆ ಸರಿಯದಿದ್ದರೆ, ಕುಳಿತವರು ಮುಂದಕ್ಕೆ ಬಾಗುವುದು ಅನಿವಾರ್ಯವಾಗುತ್ತದೆ.

ಕಾಲು ಮತ್ತು ಚಕ್ರ: ತಿರುಗುಕುರ್ಚಿಗೆ ಐದು ಕಾಲುಗಳಿರಬೇಕು, ನಾಲ್ಕಿದ್ದರೆ ಮಗುಚುವ ಭಯ. ಕೆಂಪು ಗಾರೆಯ ನೆಲ, ನುಣುಪಾದ ಟೈಲ್ಸ್ ಇರುವ ಮನೆಗಳಲ್ಲಿ ಗಟ್ಟಿ ನೈಲಾನ್ ಚಕ್ರಗಳು ಜಾರುತ್ತವೆ, ನೆಲವನ್ನೂ ಗೀರುತ್ತವೆ. ಮೃದುವಾದ ಹೊದಿಕೆಯುಳ್ಳ ಚಕ್ರಗಳನ್ನು ಕೇಳಿ ಪಡೆಯಬೇಕು.

ಹವೆ: ಕರಾವಳಿಯ ಸೆಕೆಯಲ್ಲಿ ರೆಕ್ಸಿನ್ ಹೊದಿಕೆ ಬೆವರನ್ನು ಹಿಡಿದಿಟ್ಟು ಚರ್ಮಕ್ಕೆ ತೊಂದರೆ ಕೊಡುತ್ತದೆ; ಗಾಳಿಯಾಡುವ ಬಲೆಯ ಒರಗು ಲೇಸು. ಹಿಂದಿನವರ ಬೆತ್ತ ಹೆಣೆದ ಕುರ್ಚಿಯಲ್ಲಿ ಈ ವಿವೇಕವಿತ್ತು. ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ ತಿರುಪು, ಜೋಡಣೆಗಳನ್ನು ಮಳೆಗಾಲದ ಕೊನೆಯಲ್ಲೊಮ್ಮೆ ಪರೀಕ್ಷಿಸಬೇಕು.

ಕೆಲಸದ ಕುರ್ಚಿಗಳಿಗಾಗಿ ಭಾರತೀಯ ಮಾನಕ ಬ್ಯೂರೋ ಐಎಸ್ 17631 ಎಂಬ ಮಾನದಂಡವನ್ನು ಪ್ರಕಟಿಸಿದೆ. ಕುರ್ಚಿ ಎಷ್ಟು ಭಾರ ತಡೆಯುತ್ತದೆ, ಖಾತರಿ ಎಷ್ಟು ವರ್ಷ, ಒಪ್ಪದಿದ್ದರೆ ಮರಳಿ ಪಡೆಯುವರೇ ಎಂಬುದನ್ನು ಮಾರುವವರಿಂದ ಕೇಳಿ ತಿಳಿಯಬೇಕು. ಅಂಗಡಿಯಲ್ಲಿ ಸಂಕೋಚಪಡದೆ ಕನಿಷ್ಠ ಹದಿನೈದು ನಿಮಿಷ ಕುಳಿತು ನೋಡಬೇಕು. ಒಂದು ನಿಮಿಷಕ್ಕೆ ಎಲ್ಲ ಕುರ್ಚಿಯೂ ಸುಖವೇ.

ಕುರ್ಚಿಯೊಂದೇ ಸಾಲದು

ಈಗ ಹೆಮ್ಮಾಡಿಯ ಮನೆಗೆ ಮರಳೋಣ. ಆ ಸೊಸೆಯ ಕುರ್ಚಿಯಲ್ಲಿ ದೋಷವಿರಲಿಲ್ಲ. ದೋಷವಿದ್ದುದು ಕುರ್ಚಿ ಮೇಜುಗಳ ಹೊಂದಾಣಿಕೆಯಲ್ಲಿ. ನಮ್ಮ ಮೇಜುಗಳು ಸಾಮಾನ್ಯವಾಗಿ 75 ಸೆಂಟಿಮೀಟರು ಎತ್ತರವಿರುತ್ತವೆ. ಗಿಡ್ಡ ಮೈಕಟ್ಟಿನವರು ಮೇಜಿಗೆ ಕೈ ಎಟುಕಲೆಂದು ಕುರ್ಚಿಯನ್ನು ಏರಿಸುತ್ತಾರೆ; ಆಗ ಪಾದಗಳು ನೆಲ ಬಿಟ್ಟು ತೂಗುತ್ತವೆ. ಪಾದಕ್ಕೆ ನೆಲೆಯಿಲ್ಲದೆ ತೊಡೆಯ ಹಿಂಬದಿಯ ಮೇಲೆ ಭಾರ ಬಿದ್ದು ಜೋಮು ಹಿಡಿಯುತ್ತದೆ; ನೆಲವನ್ನು ಹುಡುಕುತ್ತ ದೇಹ ಮುಂದಕ್ಕೆ ಸರಿದು, ಬೆನ್ನು ಒರಗನ್ನು ಬಿಟ್ಟುಬಿಡುತ್ತದೆ. ಸಾವಿರಾರು ರೂಪಾಯಿ ಕೊಟ್ಟ ಆನಿಕೆ ಬೆನ್ನಿಗೆ ತಾಗುತ್ತಲೇ ಇರಲಿಲ್ಲ!

ಇದನ್ನು ಗುರುತಿಸಿದವರು ಆಕೆಯ ಅತ್ತೆ. ಸೊಸೆಯ ಕಾಲುಗಳು ದಿನವಿಡೀ ತೂಗುತ್ತಿರುವುದನ್ನು ಕಂಡು, ಅಟ್ಟದಲ್ಲಿದ್ದ ಅರ್ಧ ಅಡಿ ಎತ್ತರದ ಹಳೆಯ ಕಾಲ್ಮಣೆಯನ್ನು ಒರೆಸಿ ತಂದು ಮೇಜಿನ ಕೆಳಗಿಟ್ಟರು. ಪಾದಗಳು ನೆಲೆ ಕಂಡವು, ಬೆನ್ನು ಒರಗಿಗೆ ಮರಳಿತು. ವೈದ್ಯರು ಹೇಳಿಕೊಟ್ಟ ವ್ಯಾಯಾಮ, ನಡುನಡುವೆ ಏಳುವ ಅಭ್ಯಾಸ ಇವೂ ಜೊತೆಗೂಡಿ ಕೆಲವು ವಾರಗಳಲ್ಲಿ ನೋವು ಹತೋಟಿಗೆ ಬಂದಿತು. ಉದ್ಯೋಗವೂ ಉಳಿಯಿತು.

ಗಣಕಯಂತ್ರದ ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ, ಒಂದು ತೋಳಿನಷ್ಟು ದೂರದಲ್ಲಿರಬೇಕು. ಲ್ಯಾಪ್‌ಟಾಪ್ ಬಳಸುವವರು ಅದನ್ನು ನಾಲ್ಕಾರು ದಪ್ಪ ಪುಸ್ತಕಗಳ ಮೇಲೆ ಏರಿಸಿ, ಬೇರೆ ಕೀಲಿಮಣೆ ಜೋಡಿಸಿಕೊಂಡರೆ ಕುತ್ತಿಗೆ ಬಗ್ಗುವುದು ತಪ್ಪುತ್ತದೆ.

ಏಳುವುದೂ ಒಂದು ಔಷಧ

ಅತ್ಯುತ್ತಮ ಕುರ್ಚಿಯೂ ಕುಳ್ಳಿರುವುದರ ಕೇಡನ್ನು ಪೂರ್ತಿ ತಪ್ಪಿಸಲಾರದು. 1953ರಲ್ಲಿ ಜೆರಿ ಮಾರಿಸ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಲಂಡನ್ ನಗರದ ಬಸ್ಸುಗಳ ನೌಕರರ ಕುರಿತ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಎರಡಂತಸ್ತಿನ ಬಸ್ಸಿನ ಮೆಟ್ಟಿಲುಗಳನ್ನು ದಿನವಿಡೀ ಹತ್ತಿಳಿಯುವ ನಿರ್ವಾಹಕರಿಗಿಂತ, ಕುಳಿತೇ ಇರುವ ಚಾಲಕರಲ್ಲಿ ಹೃದಯದ ಕಾಯಿಲೆ ಹೆಚ್ಚೆಂದು ಕಂಡುಬಂದಿತು. ವಿಶ್ವ ಆರೋಗ್ಯ ಸಂಸ್ಥೆಯು 2020ರ ತನ್ನ ಮಾರ್ಗಸೂಚಿಯಲ್ಲಿ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಗತಿಯ ವ್ಯಾಯಾಮ ಮಾಡಬೇಕೆಂದೂ, ಕುಳ್ಳಿರುವ ಹೊತ್ತನ್ನು ಕಡಿಮೆ ಮಾಡಬೇಕೆಂದೂ ಹೇಳಿದೆ.

ಅರ್ಧ ಗಂಟೆಗೊಮ್ಮೆ ಎದ್ದು ಒಂದೆರಡು ನಿಮಿಷ ಅಡ್ಡಾಡಬೇಕು. ನೀರಿನ ಚೊಂಬನ್ನು ಮೇಜಿನ ಮೇಲಿಡದೆ ಅಡುಗೆಮನೆಯಲ್ಲಿಯೇ ಇಟ್ಟರೆ ಬಾಯಾರಿಕೆಯೇ ನಮ್ಮನ್ನು ಎಬ್ಬಿಸುತ್ತದೆ. ದೂರವಾಣಿಯ ಮಾತನ್ನು ಜಗಲಿಯಲ್ಲಿ ನಡೆಯುತ್ತ ಆಡಬಹುದು. ಪೂಜೆಗೆ ನೆಲದ ಮೇಲೆ ಕುಳಿತುಕೊಳ್ಳುವಾಗ ಸೊಂಟ ನೋಯುವವರು ಮಡಿಸಿದ ಕಂಬಳಿಯನ್ನು ಪೃಷ್ಠದ ಕೆಳಗಿಟ್ಟುಕೊಂಡರೆ ಮೊಣಕಾಲುಗಳು ತಗ್ಗಿ, ಬೆನ್ನು ಸಹಜವಾಗಿ ನೆಟ್ಟಗಾಗುತ್ತದೆ.

ಎಚ್ಚರಿಕೆ

ನೋವು ಸೊಂಟದಿಂದ ಕಾಲಿನವರೆಗೆ ಇಳಿದರೆ, ಕಾಲಿನಲ್ಲಿ ಜೋಮು ಅಥವಾ ಮರಗಟ್ಟುವಿಕೆ ಬಿಡದಿದ್ದರೆ, ರಾತ್ರಿ ಮಲಗಿದಾಗಲೂ ನೋವು ಕಡಿಮೆಯಾಗದಿದ್ದರೆ, ಒಂದೇ ಮೀನಖಂಡ ಊದಿಕೊಂಡು ನೋಯುತ್ತಿದ್ದರೆ ಕುರ್ಚಿ ಬದಲಿಸುತ್ತ ಕಾಲ ಕಳೆಯದೆ ವೈದ್ಯರನ್ನು ಕಾಣಬೇಕು. ಕಾಲಿನ ಬಲ ಕುಂದುವುದು, ಮಲಮೂತ್ರಗಳ ಹತೋಟಿ ತಪ್ಪುವುದು, ತೊಡೆಗಳ ನಡುವೆ ಸ್ಪರ್ಶಜ್ಞಾನ ಇಲ್ಲವಾಗುವುದು ಇವು ತುರ್ತು ಚಿಕಿತ್ಸೆ ಬೇಕಾದ ಲಕ್ಷಣಗಳು. ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು.

ಇಂದೇ ಮನೆಯಲ್ಲಿ ಒಂದು ಪರೀಕ್ಷೆ ಮಾಡಿ ನೋಡಿ. ದುಡಿಯುವ ಮಗನೋ ಮಗಳೋ ಸೊಸೆಯೋ ಮೇಜಿನ ಮುಂದೆ ಕುಳಿತಿರುವಾಗ ಅವರ ಪಾದಗಳನ್ನು ಗಮನಿಸಿ. ಅವು ನೆಲದ ಮೇಲೆ ಪೂರ್ತಿಯಾಗಿ ಊರಿವೆಯೇ? ಬೆನ್ನು ಒರಗನ್ನು ತಾಗಿದೆಯೇ? ಇಲ್ಲವಾದರೆ ಹೊಸ ಕುರ್ಚಿಯ ಮಾತು ಆಮೇಲಿರಲಿ; ಮೊದಲು ಒಂದು ಕಾಲ್ಮಣೆಯನ್ನೂ ಒಂದು ಟವೆಲಿನ ಸುರುಳಿಯನ್ನೂ ಕೊಡಿ. ಅದರೊಡನೆ ನಿಮ್ಮ ಒಂದು ಮಾತೂ ಇರಲಿ: ‘ಬಹಳ ಹೊತ್ತಾಯಿತು, ಒಮ್ಮೆ ಎದ್ದು ಬಾ.’