ಮಾತು ಕಡಿಮೆ ಇದ್ದವರಿಗೆ ನರ್ಸಿಂಗ್ ಆಗುತ್ತದೆಯೇ?

ದ್ವಿತೀಯ ಪಿಯುಸಿ ಮುಗಿಯುತ್ತಾ ಬಂದಾಗ ನರ್ಸಿಂಗ್ ಮಾತು ಶುರುವಾಗುತ್ತದೆ. "ನಮ್ಮ ಹುಡುಗಿ ಬಾಯಿಬಿಟ್ಟು ನಾಲ್ಕು ಮಾತಾಡೋದಿಲ್ಲ, ಆ ಕೆಲಸ ಆಗ್ತದಾ?" ಎಂದು ಪೋಷಕರೂ ಕೇಳುತ್ತಾರೆ.

ಅಂತರ್ಮುಖಿ ಎಂದರೆ ಅಂಜುಬುರುಕ ಎಂದಲ್ಲ. ಅಂಜುಬುರುಕರಿಗೆ ಮಾತಾಡುವ ಆಸೆಯಿದ್ದರೂ ಭಯ ತಡೆಯುತ್ತದೆ. ಅಂತರ್ಮುಖಿಗೆ ಭಯವಿರಬೇಕೆಂದಿಲ್ಲ, ಜನರ ನಡುವೆ ಬಹಳ ಹೊತ್ತು ಇದ್ದರೆ ದಣಿವಾಗುತ್ತದೆ, ಒಬ್ಬರೇ ಕುಳಿತರೆ ಚೇತರಿಕೆಯಾಗುತ್ತದೆ, ಅಷ್ಟೆ.

ಫ್ಲಾರೆನ್ಸ್ ನೈಟಿಂಗೇಲ್ ಅವರಿಗೆ ನಾನು ಈ ಹಣೆಪಟ್ಟಿ ಹಚ್ಚಲಾರೆ. ಆದರೆ ಕ್ರಿಮಿಯಾ ಯುದ್ಧದ ಗಾಯಾಳುಗಳ ಆರೈಕೆ ಮುಗಿಸಿ 1856ರಲ್ಲಿ ಇಂಗ್ಲೆಂಡಿಗೆ ಮರಳುವಾಗ, ಸ್ವಾಗತದ ಗದ್ದಲ ಬೇಡವೆಂದು 'ಮಿಸ್ ಸ್ಮಿತ್' ಎಂಬ ಹೆಸರಿನಲ್ಲಿ ಪ್ರಯಾಣಿಸಿದರು. ಶುಶ್ರೂಷೆಯ ಬಗ್ಗೆ ಬರೆದ ಪುಸ್ತಕದಲ್ಲಿ ರೋಗಿಯ ಬಳಿಯ ಸದ್ದಿಗೇ ಒಂದು ಅಧ್ಯಾಯ, ಪೊಳ್ಳು ಸಮಾಧಾನ ಹೇಳುವವರಿಗೆ ಇನ್ನೊಂದು ಅಧ್ಯಾಯ ಮೀಸಲಿಟ್ಟರು.

ನಮ್ಮ ಜೊಯಿಡಾವನ್ನೇ ನೋಡಿ. ಕಾಡಿನ ಹಳ್ಳಿಗಳಿಂದ ಬರುವ ಕುಣಬಿ, ಗೌಳಿ, ಸಿದ್ದಿ ಹಿರಿಯರಲ್ಲಿ ಹಲವರ ಮನೆಮಾತು ಕೊಂಕಣಿ ಅಥವಾ ಮರಾಠಿ. ಎಲ್ಲಿ ನೋವು, ಎಂಥ ನೋವು ಎಂದು ಕನ್ನಡದಲ್ಲಿ ಹೇಳಲು ಅವರು ಪದ ಹುಡುಕಬೇಕಾಗುತ್ತದೆ. ನಡುವೆ ಬಾಯಿ ಹಾಕದೆ ಕಾಯುವ ನರ್ಸ್ ಇದ್ದರೆ ಮಾತು ಪೂರ್ತಿ ಹೊರಬರುತ್ತದೆ. ಕಾಯುವುದೂ ಆರೈಕೆಯೇ.

ಆದರೆ ಸುಮ್ಮನಿರಬಾರದ ಜಾಗಗಳಿವೆ: ಪಾಳಿ ಬದಲಾಗುವಾಗ, ರೋಗಿಯ ಸ್ಥಿತಿ ಕೆಟ್ಟಾಗ. "ಡಾಕ್ಟರ್ ಬೈದಾರು" ಎಂದು ರಾತ್ರಿ ಫೋನ್ ಮಾಡದೆ ಕುಳಿತರೆ ಜೀವಕ್ಕೇ ಅಪಾಯ. ಇದಕ್ಕೆ 'ಎಸ್‌ಬಾರ್' ಎಂಬ ಕ್ರಮವಿದೆ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಹುಟ್ಟಿ ಆಸ್ಪತ್ರೆಗೆ ಬಂದದ್ದು. ಈಗಿನ ಸ್ಥಿತಿ, ಹಿನ್ನೆಲೆ, ನಮ್ಮ ಅಂದಾಜು, ಏನಾಗಬೇಕು ಎಂಬ ನಾಲ್ಕೇ ಹೆಜ್ಜೆ:

"ಸರ್, 5ನೇ ಬೆಡ್ಡಿನ ರೋಗಿಯ ಬಿಪಿ 90/60ಕ್ಕೆ ಇಳಿದಿದೆ, ನಾಡಿ 118. ಬೆಳಿಗ್ಗೆ ಹೊಟ್ಟೆಯ ಆಪರೇಷನ್ ಆಗಿದೆ, ಆಗ ಬಿಪಿ 120/80 ಇತ್ತು. ಒಳಗೆ ರಕ್ತ ಹೋಗುತ್ತಿರಬಹುದು. ಈಗಲೇ ಬಂದು ನೋಡಿ."

ಅರ್ಧ ನಿಮಿಷವೂ ಬೇಡ. ಹರಟೆ ಬಾರದವರಿಗೂ ಇಷ್ಟು ಮಾತು ಅಭ್ಯಾಸದಿಂದ ಬರುತ್ತದೆ. ಮಾತಿನಮಲ್ಲರೇ ಇಲ್ಲಿ ಹಾದಿ ತಪ್ಪುವುದುಂಟು.

ಬಿ.ಎಸ್ಸಿ. ನರ್ಸಿಂಗ್ 4 ವರ್ಷ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಜಿಎನ್‌ಎಂ 3 ವರ್ಷ. ಕಲಾ, ವಾಣಿಜ್ಯ ವಿಭಾಗದವರಿಗೂ ಅವಕಾಶವಿದೆ. ಆಸಕ್ತರು ಈ ವಾರ ಗೆಳತಿಯೊಬ್ಬಳ ನಾಡಿಯನ್ನು ಮೆಟ್ಟಿಲು ಹತ್ತುವ ಮೊದಲು ಮತ್ತು ಹತ್ತಿದ ಮೇಲೆ ಎಣಿಸಿ, ಮೇಲಿನ ನಾಲ್ಕು ಹೆಜ್ಜೆಗಳಲ್ಲಿ ಜೀವಶಾಸ್ತ್ರ ಉಪನ್ಯಾಸಕರಿಗೆ ವರದಿ ಒಪ್ಪಿಸಿ. ಚೀಟಿ ನೋಡುವಂತಿಲ್ಲ.