ಪೆಲೆಟ್ ಎಡಕ್ಕೆ ಬೀಳುತ್ತಿದೆ, ಸ್ಕ್ರೂ ತಿರುಗಿಸಲೇ?

ಸಿಂಗಾಪುರದ ರಾಫೆಲ್ಸ್ ಪ್ಲೇಸ್‌ನ ಆಫೀಸಿನಿಂದ ಬರೆದಿದ್ದೀರಿ: ವಾರಾಂತ್ಯದ ಕ್ಲಬ್ಬಿನಲ್ಲಿ ನಿಮ್ಮ ಏರ್ ಪಿಸ್ತೂಲಿನ ಪೆಲೆಟ್‌ಗಳು ಎಡಕ್ಕೆ, ಕೆಳಕ್ಕೆ ಬೀಳುತ್ತಿವೆ, ಹಿಂದಿನ ಸೈಟ್ ಸರಿಸಲೇ ಎಂದು. ಸ್ವಲ್ಪ ತಡೆಯಿರಿ. ಬಲಗೈಯವರಿಗೆ ಹೀಗಾದರೆ ನಾನು ಮೊದಲು ಅನುಮಾನಿಸುವುದು ಬೆರಳನ್ನು. ಟ್ರಿಗರ್ ಜಗ್ಗುವ ಕೈಗೆ ಸ್ಕ್ರೂಡ್ರೈವರ್ ಮದ್ದಲ್ಲ.

ಒಂದೇ ಗುರಿಗೆ ಐದು ಸಲ ಹೊಡೆಯಿರಿ. ತೂತುಗಳು ಚೆಲ್ಲಾಪಿಲ್ಲಿಯಾಗಿದ್ದರೆ ಸೈಟ್ ಮುಟ್ಟಲೇಬೇಡಿ. ಒತ್ತಾಗಿ ಒಂದೆಡೆ ಕೂತಿದ್ದರೆ ಮಾತ್ರ ಗುಂಪಿನ ನಡುವನ್ನು ನೋಡಿ ಸರಿಪಡಿಸಿ: ಪೆಲೆಟ್ ಎತ್ತ ಹೋಗಬೇಕೋ ಹಿಂದಿನ ಸೈಟ್ ಅತ್ತಲೇ ಸರಿಯಬೇಕು. ನಿಮಗೆ ಬಲಕ್ಕೆ, ಮೇಲಕ್ಕೆ. ಸ್ಕ್ರೂ ಮೇಲಿನ ಗುರುತಿನ ಅರ್ಥ ಎಲ್ಲ ತಯಾರಕರಲ್ಲೂ ಒಂದೇ ಅಲ್ಲ. ಹಾಗಾಗಿ ಎರಡು ಕ್ಲಿಕ್ ತಿರುಗಿಸಿ, ಮತ್ತೆ ಐದು ಹೊಡೆದು ನೋಡಿ. 10 ಮೀಟರ್ ಗುರಿಯಲ್ಲಿ ಹತ್ತರ ವೃತ್ತದ ಅಗಲ ಬರೀ 11.5 ಮಿಲಿಮೀಟರ್! ಕಣ್ಣು ಮುಂದಿನ ಸೈಟ್ ಮೇಲಿರಲಿ, ಗುರಿ ಮಸುಕಾದರೂ ಚಿಂತೆಯಿಲ್ಲ. ದಿನವಿಡೀ ಸ್ಕ್ರೀನ್ ನೋಡಿ ದಣಿದ ಸಂಜೆ ಈ ಕೆಲಸ ಬೇಡ.

ಅಂದಹಾಗೆ, 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯ ಬೆಳ್ಳಿ ಗೆದ್ದ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರೂ ನಿಮ್ಮಂತೆ ಆಫೀಸಿನವರೇ, ಸಾಫ್ಟ್‌ವೇರ್ ಕೆಲಸದಿಂದ ಬಂದವರು. ಕೊನೆಯದಾಗಿ, ಸಿಂಗಾಪುರದಲ್ಲಿ ಏರ್ ಪಿಸ್ತೂಲಿಗೂ ಪರವಾನಗಿ ಬೇಕು. ಹಾಗಾಗಿ ಈ ತಿರುಗಿಸಾಟವೆಲ್ಲ ರೇಂಜಿನಲ್ಲೇ, ಕೋಚ್ ಎದುರಿನಲ್ಲೇ ನಡೆಯಲಿ.