ಹೂಬಳ್ಳಿಗಿಂತ ಮೊದಲು ಹೊಲಿಗೆ ನೋಡಿ
ಮೈತುಂಬ ಶೆರಿಡನ್ ಶೈಲಿಯ ಹೂಬಳ್ಳಿ ಕೆತ್ತಿದ, ಬಿಲಿಯರ್ಡ್ಸ್ ಕೋಲು ಇಡುವ ಚರ್ಮದ ಕ್ಯೂ ಕೇಸ್ ಮೇಲೋ, ಅಂಚಿಗಷ್ಟೇ ಅಲಂಕಾರವಿರುವ ಸಾದಾ ಕೇಸ್ ಮೇಲೋ ಎಂದು ಕೇಳಿದ್ದೀರಿ. ಕೆತ್ತನೆ ಎಷ್ಟಿದೆ ಎಂಬುದಕ್ಕಿಂತ ಹೇಗಿದೆ ಎಂಬುದನ್ನು ನೋಡಿ. ಅಮೆರಿಕದ ವಯೋಮಿಂಗ್‌ನ ಶೆರಿಡನ್‌ನಲ್ಲಿ ಡಾನ್ ಕಿಂಗ್ ಕುದುರೆ ಜೀನುಗಳ ಮೇಲೆ ಬೆಳೆಸಿದ ಈ ಶೈಲಿಯಲ್ಲಿ ಬಳ್ಳಿ ಸುತ್ತಿಕೊಂಡು ಹರಿಯುತ್ತದೆ, ಪ್ರತಿ ಸುತ್ತಿನ ನಡುವೆ ಹೂವೊಂದು ಕೂರುತ್ತದೆ. ಜೀನಿನ ಅಗಲಕ್ಕೆ ಒಗ್ಗಿದ ಈ ವಿನ್ಯಾಸವನ್ನು ಕಿರಿದಾದ ಉದ್ದನೆಯ ಕೇಸಿಗೆ ಇಳಿಸುವುದು ಸುಲಭವಲ್ಲ. ಹೂವು ಅಂಚಿನಲ್ಲಿ ತುಂಡಾಗಿದ್ದರೆ ಕೆತ್ತಿದವರು ಮೊದಲೇ ಅಳತೆ ಹಾಕಿಲ್ಲವೆಂದೇ ನನ್ನ ತೀರ್ಮಾನ. ಚಾಕುವಿನ ಗೆರೆಯೂ ಸಾಕ್ಷಿ ಹೇಳುತ್ತದೆ: ನುರಿತ ಕೈಯ ಗೆರೆ ತುದಿಯತ್ತ ತೆಳುವಾಗುತ್ತಾ ಮಾಯವಾಗುತ್ತದೆ, ಅಚ್ಚೊತ್ತಿದ್ದರಲ್ಲಿ ಆಳ ಸಾಮಾನ್ಯವಾಗಿ ಒಂದೇ ಸಮ.

ಅಂದಕ್ಕೇ ಹಣ ಕೊಡುವಾಗ ಹೊಲಿಗೆಯ ಚಿಂತೆ ಏಕೆ ಎನ್ನಬಹುದು. ಆದರೆ ಕೇಸ್ ಹೆಗಲಿಗೇರುವ ವಸ್ತು. ಪಟ್ಟಿ ಕಿತ್ತರೆ ಕೆತ್ತನೆಯೂ ಕ್ಯೂ ಕೂಡ ನೆಲಕ್ಕೆ ಬೀಳುತ್ತವೆ. ಎರಡು ಸೂಜಿಯ ಕೈಹೊಲಿಗೆಯಲ್ಲಿ ಒಂದು ಎಳೆ ಸವೆದರೂ ಇನ್ನೊಂದು ಹಿಡಿದಿರುತ್ತದೆ. ಯಂತ್ರದ ಹೊಲಿಗೆಯೂ ಗಟ್ಟಿಯೇ, ನಿಜ. ಆದರೆ ಸವೆದಲ್ಲಿ ಬೇಗ ಬಿಚ್ಚಿಕೊಳ್ಳುತ್ತದೆ. ಒಳಗೆ ಕ್ಯೂ ಅಲುಗದಂತೆ ಮೆತ್ತನೆಯ ಆಸರೆ ಇದೆಯೇ ನೋಡಿ. ಇವೆರಡೂ ಸಾದಾ ಕೇಸಿನಲ್ಲೇ ಚೆನ್ನಾಗಿದ್ದರೆ ಹಿಂಜರಿಯದೆ ಅದನ್ನೇ ಕೊಳ್ಳಿ.